ಒಂದೇ ಹ್ಯಾಂಗರಿನ ಎರಡು ಸ್ವೆಟರ್

ಚಳಿಗಾಲ ಬಂತೆಂದರೆ ನಮ್ಮ ಮನೆಯಲ್ಲಿ ಏನಾದರೊಂದು ನಗೆಪಾಟಲು ಆಗಲೇಬೇಕು, ಅದರಲ್ಲಿ ಒಂದು ಪಿಸ್ತಾ ಬಣ್ಣದ ಸ್ವೆಟರ್ ಇರಲೇಬೇಕು. ಸ್ವೆಟರ್ ಒಂದಲ್ಲ, ಎರಡು. ಅಲ್ಲ, ಎರಡೂ ಸೇರಿ ಒಂದು. ಈ ತಕರಾರಿನಲ್ಲೇ ನನ್ನ ಅರ್ಧ ಆಯಸ್ಸು ಕಳೆದಿದೆ.

ಅಮ್ಮನ ನ್ಯಾಯ

ಅರಸೀಕೆರೆ ಬಸ್ ಸ್ಟ್ಯಾಂಡಿನ ಹತ್ತಿರ ಚಳಿಗಾಲಕ್ಕೆ ಸ್ವೆಟರ್ ಮಾರುವವರು ಬಂದು ಫುಟ್‌ಪಾತಿನಲ್ಲಿ ಅಂಗಡಿ ಹಾಕುತ್ತಾರೆ. ಅಕ್ಕನೂ ನಾನೂ ಕಾಲೇಜಿಗೆ ಹೋಗುತ್ತಿದ್ದ ಕಾಲದಲ್ಲಿ ಅಮ್ಮ ನಮ್ಮಿಬ್ಬರನ್ನೂ ಅಲ್ಲಿಗೆ ಕರೆದುಕೊಂಡು ಹೋದಳು. ಒಂದೇ ಹ್ಯಾಂಗರಿನಲ್ಲಿ ಒಂದೇ ಬಣ್ಣದ ಎರಡು ನೇತಾಡುತ್ತಿದ್ದವು. ಒಳಗಿನದು ತಲೆಯಿಂದ ತೊಡುವಂಥದ್ದು, ಗಿಡ್ಡ ತೋಳು. ಹೊರಗಿನದಕ್ಕೆ ಮುಂದೆ ಮುತ್ತಿನಂಥ ಗುಂಡಿಗಳು, ತುಂಬುತೋಳು. ನೋಡಿದ ಕೂಡಲೇ ನನಗೆ ಬೇಕು ಅನ್ನಿಸಿಬಿಟ್ಟಿತು, ಎರಡೂ.

ಮಾರುವಾಕೆ ತನಗೆ ಬಂದಷ್ಟು ಕನ್ನಡದಲ್ಲಿ ಹೇಳಿದಳು. "ಸೆಟ್ ಅಮ್ಮ. ಒಂದು ಒಳಗೆ, ಒಂದು ಮೇಲೆ. ಒಬ್ಬರಿಗೆ ಎರಡು."

"ಒಬ್ಳಿಗೆ ಎರಡು ಆಗಲ್ಲ ತಾಯಿ," ಅಮ್ಮ ಖಡಾಖಂಡಿತವಾಗಿ ಹೇಳಿದಳು. "ನಮ್ಮೂರಲ್ಲೇನು ಹಿಮ ಬೀಳ್ತೈತಾ? ನಂಗೆ ಇಬ್ರು ಹೆಣ್ಮಕ್ಕಳು ಅವ್ರೆ."

ಅಲ್ಲೇ ಹಂಚಿಕೆಯಾಯಿತು. ತುಂಬುತೋಳಿನದು ದೊಡ್ಡವಳಿಗೆ, ಗಿಡ್ಡತೋಳಿನದು ಚಿಕ್ಕವಳಿಗೆ. ಚಿಕ್ಕವಳ ಕೈ ಚಿಕ್ಕದಲ್ಲವೇ, ಅಷ್ಟು ಸಾಕು ಅಂತ ಅಮ್ಮನ ವಾದ. ಆ ಹೊತ್ತಿಗಾಗಲೇ ನಾನು ಅಕ್ಕನಿಗಿಂತ ನಾಲ್ಕು ಬೆರಳು ಎತ್ತರ ಇದ್ದೆ.

ಜಂಕ್ಷನ್ನಿನ ಹೆಂಗಸು

ಅದೇ ಚಳಿಗಾಲದಲ್ಲಿ ದಾವಣಗೆರೆಯ ಸೋದರಮಾವನನ್ನು ಕರೆತರಲು ಅಕ್ಕನೂ ನಾನೂ ಬೆಳಿಗ್ಗೆ ರೈಲ್ವೆ ಸ್ಟೇಷನ್ನಿಗೆ ಹೋಗಿದ್ದೆವು. ಪ್ಲಾಟ್‌ಫಾರಮ್ಮಿನಲ್ಲಿ ಬೇರೊಂದು ರೈಲಿನಿಂದ ಇಳಿದ ಒಬ್ಬಾಕೆ ಟೀ ಕುಡಿಯುತ್ತಿದ್ದಳು. ಮೈಮೇಲೆ ಜೋಡಿ ಸ್ವೆಟರ್. ಒಳಗಿನದೂ ಹೊರಗಿನದೂ ಒಂದೇ ನೇರಳೆ ಬಣ್ಣ, ಮೇಲಿನದರ ಗುಂಡಿಗಳನ್ನು ಹಾಗೇ ಬಿಟ್ಟಿದ್ದಳು. ಎಷ್ಟು ಚೆನ್ನಾಗಿ ಕಾಣುತ್ತಿದ್ದಳೆಂದರೆ, ನಾನು ಮಾವನ ರೈಲು ಬಂದಿದ್ದನ್ನೂ ನೋಡಲಿಲ್ಲ. ಒಂದೇ ಒಂದು ದಿನ ನಾನೂ ಹಾಗೆ ಎರಡನ್ನೂ ಹಾಕಿಕೊಂಡು ನಿಲ್ಲಬೇಕು ಎಂಬ ಆಸೆ ಅವತ್ತು ಹತ್ತಿಕೊಂಡಿದ್ದು, ಇನ್ನೂ ಬಿಟ್ಟಿಲ್ಲ.

ಅಕ್ಕ ಮಾತ್ರ ಆಕೆಯನ್ನು ಮೇಲಿಂದ ಕೆಳಗೆ ನೋಡಿ, ನನ್ನ ಕಿವಿಯಲ್ಲಿ ಮರುಕದಿಂದ ಹೇಳಿದಳು. "ಪಾಪ ಕಣೇ, ಅವಳಿಗೆ ತಂಗಿ ಇಲ್ಲ ಅನ್ಸುತ್ತೆ."

ಹೆಣ್ಣು ನೋಡಲು ಬಂದರು

ಅಕ್ಕನನ್ನು ನೋಡಲು ಬೇಲೂರಿನವರು ಬಂದರು. ಕೊರೆಯುವ ಚಳಿ. ಸೀರೆಯ ಮೇಲಿನ ಸ್ವೆಟರ್ ತೆಗೆಯೇ ಎಂದು ಅಮ್ಮ ಎಷ್ಟು ಕಣ್ಣು ಬಿಟ್ಟರೂ ಅಕ್ಕ ಕೇಳದೆ, ಹಾಗೇ ಹೋಗಿ ಜಮಖಾನದ ಮೇಲೆ ಕುಳಿತಳು. ಹಿಂದಿನಿಂದ ಕಾಫಿ ತಟ್ಟೆ ಹಿಡಿದು ನಾನು ಹೋದೆ, ಅದೇ ಬಣ್ಣದ ಗಿಡ್ಡತೋಳಿನಲ್ಲಿ.

ಹುಡುಗನ ತಾಯಿ ಅಕ್ಕನನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಅಪ್ಪನನ್ನು ಕೇಳಿದರು. "ಮನೆಯೋರಿಗೆಲ್ಲ ಒಂದೇ ಥರದ್ದು ತಂದಿದೀರಾ? ನಿಮಗೆ ಇಲ್ವಾ?"

ಅಪ್ಪ ತಬ್ಬಿಬ್ಬಾಗಿ, "ನಂದು ಒಗಿಯಕ್ಕೆ ಹಾಕವ್ರೆ" ಎಂದುಬಿಟ್ಟರು.

ಮದುವೆಯಾಯಿತು. ಅಕ್ಕನ ಸೂಟ್‌ಕೇಸಿನಲ್ಲಿ ತುಂಬುತೋಳೂ ಬೇಲೂರಿಗೆ ಹೋಯಿತು. ಕಾರು ತಿರುವಿನಲ್ಲಿ ಮರೆಯಾಗುವಾಗ ನಾನು ಬಿಕ್ಕಿಬಿಕ್ಕಿ ಅತ್ತಿದ್ದನ್ನು ಬೀದಿಯವರು ಇವತ್ತಿಗೂ ಹೇಳುತ್ತಾರೆ, ತಂಗಿ ಅಂದರೆ ಹಾಗಿರಬೇಕು ಅಂತ. ಅಕ್ಕನಿಗಾಗಿ ಎಷ್ಟು ಅತ್ತೆ, ಸ್ವೆಟರಿಗಾಗಿ ಎಷ್ಟು ಅತ್ತೆ ಎಂದು ಯಾರೂ ಕೇಳಲಿಲ್ಲ, ಸದ್ಯ.

ಬೇಲೂರು ಬಸ್ಸು

ನನಗೆ ಹಳೇಬೀಡಿನ ಶಾಲೆಯಲ್ಲಿ ಟೀಚರ್ ಕೆಲಸ ಸಿಕ್ಕಿತು. ನಾನು ಹೋಗುವ ಬೆಳಗಿನ ಬಸ್ಸು ಜಾವಗಲ್ ಮೇಲೆ ಹಳೇಬೀಡಿಗೆ ಬಂದು, ನನ್ನನ್ನು ಇಳಿಸಿ, ಬೇಲೂರಿಗೆ ಹೋಗುತ್ತದೆ. ಇನ್ನು ಅರ್ಧ ಗಂಟೆ ಕೂತರೆ ಅಕ್ಕನ ಮನೆ. ದಿನಾ ಇಳಿದು, ದಿನಾ ಆ ಬಸ್ಸು ಹೋಗುವುದನ್ನು ನೋಡಿ, ಆಮೇಲೆ ಶಾಲೆಗೆ ನಡೆಯುತ್ತೇನೆ. ಅಕ್ಕ ಸಿಗುವುದು ಮದುವೆ ಮುಂಜಿಗಳಲ್ಲಿ ಮಾತ್ರ. ಅಲ್ಲಿ ಅವಳು ರೇಷ್ಮೆ ಸೀರೆಯಲ್ಲಿ ಬೆವರುತ್ತಿರುತ್ತಾಳೆ. ಸ್ವೆಟರಿನ ಮಾತು ಎತ್ತುವುದು ಹೇಗೆ?

ಕೆಲಸಕ್ಕೆ ಸೇರಿದ ಮೊದಲ ಚಳಿಗಾಲ ಗಿಡ್ಡತೋಳನ್ನೇ ಸೀರೆಯ ಮೇಲೆ ಹಾಕಿಕೊಂಡು ಹೊರಟೆ. ಸೆರಗು ಒಳಗೆ ಸೇರಿಸಿದರೆ ಹೊಟ್ಟೆ ಉಬ್ಬಿದಂತೆ, ಹೊರಗೆ ಬಿಟ್ಟರೆ ಸ್ವೆಟರೇ ಕಾಣದು. ಮೊಣಕೈಯಿಂದ ಕೆಳಗೆ ಚಳಿಗೆ ನವಿರೆದ್ದಿತ್ತು. ಕಂಡಕ್ಟರಮ್ಮ ಟಿಕೆಟ್ ಹರಿಯುತ್ತಾ ನಿಂತು ನೋಡಿದರು.

"ಏನ್ ಮೇಡಂ, ಸ್ವೆಟರ್ ತೋಳು ಮನೇಲೇ ಬಿಟ್ ಬಂದ್ರಾ?"

"ಬೇಲೂರಲ್ಲಿ ಐತೆ ಕಣ್ರೀ," ಎಂದೆ.

"ಹಂಗಾದ್ರೆ ಬೇಲೂರಿಗೇ ಕೊಡ್ತೀನಿ ತಗಳಿ ಟಿಕೆಟ್ಟು!"

ಬಸ್ಸೆಲ್ಲ ನಕ್ಕಿತು, ನಾನೂ ನಕ್ಕೆ. ಆದರೆ ಒಂದು ಗಳಿಗೆ ಕೈ ಚಾಚಿಯೇಬಿಟ್ಟಿದ್ದೆ. ಅವತ್ತು ಸಂಜೆ ಮನೆಗೆ ಬಂದು ಅದನ್ನು ನುಸಿಗುಳಿಗೆಯ ಜೊತೆ ಬೀರುವಿನಲ್ಲಿ ಇಟ್ಟೆ.

ಕ್ಷೇಮ ಸಮಾಚಾರ

ವಾರಕ್ಕೊಮ್ಮೆ ಅಕ್ಕನಿಗೆ ಫೋನ್ ಮಾಡುತ್ತೇನೆ. ಚಳಿ ಶುರುವಾದರೆ ಮಾತು ಮೆಲ್ಲಗೆ ಅಲ್ಲಿಗೇ ಹೊರಳುತ್ತದೆ.

"ಅಕ್ಕ, ನಿಂದು ಹೆಂಗೈತೆ?"

"ಚೆನ್ನಾಗೈತೆ. ಮೊಣಕೈ ಹತ್ರ ಸ್ವಲ್ಪ ಸವೆದೈತೆ. ನಿಂದು?"

"ಐತೆ. ಒಳಗೇ ಐತೆ."

ಕೊಡು ಅನ್ನಲು ನನಗೆ ಬಾಯಿ ಬರುವುದಿಲ್ಲ. ಆ ಕಡೆ ಅವಳೂ ಏನೋ ಹೇಳಲು ಹೋಗಿ ಸುಮ್ಮನಾಗುತ್ತಾಳೆ. ಇಷ್ಟು ವರ್ಷ ಇದನ್ನೇ ಕೇಳಿಸಿಕೊಂಡ ನನ್ನ ಯಜಮಾನರು ಒಂದು ದಿನ ಗಾಬರಿಯಿಂದ ಕೇಳಿದರು. "ಏನೇ ಅದು? ನಿಮ್ಮ ವಂಶದಲ್ಲಿ ಯಾವುದಾದ್ರೂ ಕಾಯಿಲೆ ಇದೆಯಾ? ನಂಗೆ ಮದುವೆಗೆ ಮುಂಚೆ ಹೇಳ್ಲೇ ಇಲ್ಲ!"

ಮಾಲೇಕಲ್ಲಿಗೆ ಹೊರಟ ಬೆಳಿಗ್ಗೆ

ಅಮ್ಮ ಈಗ ನನ್ನ ಜೊತೆ ಇದ್ದಾಳೆ. ಇಬ್ಬರು ಹೆಣ್ಣುಮಕ್ಕಳೂ ಒಟ್ಟಿಗೆ ಮಾಲೇಕಲ್ಲು ತಿರುಪತಿಯ ಮೆಟ್ಟಿಲು ಹತ್ತಬೇಕೆಂದು ಅವಳ ಹಳೆಯ ಹರಕೆ. ಈ ಚಳಿಗಾಲ ಅಂತೂ ಅಕ್ಕ ಎರಡು ದಿನ ಬಿಡುವು ಮಾಡಿಕೊಂಡು ಅರಸೀಕೆರೆಗೆ ಬಂದಳು. ಇವತ್ತು ಕೇಳಿಯೇ ಬಿಡುತ್ತೇನೆ ಎಂದು ನಾನು ಬೆಳಿಗ್ಗೆ ಎದ್ದರೆ, ಅಕ್ಕನೇ ಬ್ಯಾಗಿನಿಂದ ಪೇಪರಿನಲ್ಲಿ ಸುತ್ತಿದ್ದನ್ನು ತೆಗೆದು ನನ್ನ ಮಡಿಲಿಗೆ ಹಾಕಿದಳು. ಪಿಸ್ತಾ ಬಣ್ಣ ಹೋಗಿ ಮಜ್ಜಿಗೆಯ ಬಣ್ಣಕ್ಕೆ ಬಂದಿತ್ತು. ಒಂದು ಗುಂಡಿ ಬೇರೆಯದು.

"ತಗೊಳ್ಳೇ," ಎಂದಳು. "ಎರಡೂ ಒಬ್ರಿಗೇ ಅಂತ ನಂಗೆ ಅವತ್ತೇ ಗೊತ್ತಿತ್ತು. ಸ್ಟೇಷನ್ನಲ್ಲಿ ನೀನು ಆ ಹೆಂಗಸನ್ನ ನೋಡ್ತಿದ್ದಿದ್ದೂ ಗೊತ್ತಿತ್ತು."

"ಮತ್ತೆ ಇಷ್ಟು ವರ್ಷ?"

"ಕೊಡೋಕೆ ಮನಸ್ಸು ಬರ್ಲಿಲ್ಲ ಕಣೇ. ಬೇಲೂರಲ್ಲಿ ಅದನ್ನ ಹಾಕ್ಕೊಂಡ್ರೆ, ನೀನು ಪಕ್ಕದಲ್ಲೇ ಇದ್ದಂಗಿರ್ತಿತ್ತು."

ಅವಳ ಕಣ್ಣು ತುಂಬಿತ್ತು. ಅವಳ ಮುಂದೆ ಅಳಬಾರದೆಂದು ಎದ್ದು, ಬೀರುವಿನಿಂದ ನನ್ನ ಗಿಡ್ಡತೋಳು ತೆಗೆದು, ಚೂಡಿದಾರದ ಮೇಲೆ ತಲೆಯಿಂದ ತೊಡಲು ಹೋದೆ. ಇಷ್ಟು ವರ್ಷದ ಆಸೆ. ತಲೆ ಹೋಯಿತು, ಎರಡು ಕೈ ಹೋದವು, ಭುಜದಲ್ಲಿ ನಿಂತಿತು. ಕಾಲೇಜಿನ ಹುಡುಗಿಯ ಅಳತೆ ಅದು, ನಾನೀಗ ಎರಡು ಮಕ್ಕಳ ತಾಯಿ. ಮೇಲಕ್ಕೂ ಬಾರದು, ಕೆಳಕ್ಕೂ ಇಳಿಯದು. ಕೈ ಎರಡೂ ಮೇಲೆ, ಮುಖ ಉಣ್ಣೆಯೊಳಗೆ, ಮೂಗಿನ ತುಂಬಾ ನುಸಿಗುಳಿಗೆಯ ವಾಸನೆ.

"ಎಳಿಯೇ ಅಕ್ಕ!"

ಅಕ್ಕ ಮಂಚಕ್ಕೆ ಕಾಲು ಕೊಟ್ಟು ಎಳೆದಳು. ಇಬ್ಬರೂ ಧೊಪ್ಪನೆ ನೆಲಕ್ಕೆ ಬಿದ್ದೆವು. ಉಣ್ಣೆಯ ಕತ್ತಲೆಯಲ್ಲಿ ನಾನು ಅಳುತ್ತಿದ್ದೆನೋ ನಗುತ್ತಿದ್ದೆನೋ ನನಗೇ ಗೊತ್ತಿಲ್ಲ. ಅಕ್ಕ ನನ್ನನ್ನು ತಬ್ಬಿಕೊಂಡೇ ಇದ್ದಳು.

ಸದ್ದಿಗೆ ಅಮ್ಮ ಗೋಡೆ ಹಿಡಿದುಕೊಂಡು ಬಂದಳು. ಒಬ್ಬಳ ತಲೆ ಸ್ವೆಟರಿನೊಳಗೆ, ಇನ್ನೊಂದು ಸ್ವೆಟರ್ ಮಂಚದ ಮೇಲೆ. ಎಲ್ಲವನ್ನೂ ನೋಡಿದ ಅಮ್ಮನ ದನಿಯಲ್ಲಿ ಗೆದ್ದ ಖುಷಿಯಿತ್ತು.

"ಒಬ್ಳಿಗೆ ಎರಡು ಆಗಲ್ಲ ಅಂತ ಅವತ್ತೇ ಬಡ್ಕೊಂಡೆ. ಆ ಸ್ವೆಟರ್ ಮಾರೋಳು ಕೇಳಿದ್ಲಾ?"