ಬಾಗಿಲಿಗೆ ಕಟ್ಟಿದ ದಾರ

"ಈ ಬೀದೀಲಿ ಖಾಲಿ ಬಿದ್ದಿರೋ ಮನೆ ಯಾವುದು ಅಂತ ನಾನು ಪತ್ತೆ ಹಚ್ಚದೇ ಇದ್ರೆ, ಇನ್ಮೇಲೆ ಕತ್ತರಿ ಮುಟ್ಟಲ್ಲ!"

ದರ್ಜಿ ಮಾಮ ಅಳತೆಯ ಪಟ್ಟಿಯನ್ನು ಕೊರಳಿಗೆ ಉತ್ತರೀಯದಂತೆ ಏರಿಸಿ ಈ ಘೋರ ಪ್ರತಿಜ್ಞೆಯನ್ನು ಕೈಗೊಂಡಾಗ, ಹೆಂಡತಿ ತಲೆಯನ್ನೂ ಎತ್ತಲಿಲ್ಲ.

"ಮೊದಲು ವಕೀಲರ ಕೋಟು ಪತ್ತೆ ಹಚ್ಚಿ. ಬಟ್ಟೆ ಕೊಟ್ಟು ಯುಗ ಆಯ್ತಂತೆ."

ಪ್ರತಿಜ್ಞೆಗೆ ಕಾರಣ ಸಣ್ಣದಲ್ಲ. ಅಂಗಡಿಯಲ್ಲಿ ಗುಂಡಿ ಹೊಲಿಯುವ ಹೆಂಗಸು, ಎಲ್ಲರ ಬಾಯಲ್ಲಿ ಗುಂಡಿಯಕ್ಕ, ಬಾಡಿಗೆಗಿದ್ದ ಕಟ್ಟಡವನ್ನು ತಿಂಗಳ ಕೊನೆಗೆ ಕೆಡವುವವರಿದ್ದರು. ಇಬ್ಬರು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಆಕೆ ಊರೆಲ್ಲ ಅಲೆದರೂ ತಲೆಯ ಮೇಲೊಂದು ಸೂರು ಸಿಕ್ಕಿರಲಿಲ್ಲ. ಹುಟ್ಟಿಸಿದ ದೇವರು ಹುಲ್ಲು ಮೇಯಿಸುವುದಿಲ್ಲ, ನಿಜ. ಆದರೆ ಪ್ರಿಯರೇ, ಸೂರಿನ ಕೆಲಸವನ್ನು ಆ ಕರುಣಾಳು ನಮ್ಮ ನಿಮ್ಮಂಥವರ ಕೈಗೇ ಒಪ್ಪಿಸಿದ್ದಾನೆ. ಒಂದೆಡೆ ಮನೆಯಿಲ್ಲದ ಜನ, ಇನ್ನೊಂದೆಡೆ ಜನರಿಲ್ಲದ ಮನೆ! ಇವೆರಡನ್ನೂ ಸೇರಿಸಿ ಹೊಲಿಯಲು ದರ್ಜಿಗಿಂತ ಯೋಗ್ಯನು ಯಾರು?

ಮಾಮನ ಉಪಾಯವೂ ದರ್ಜಿಯದೇ. ಜನರಿರುವ ಮನೆಯ ಬಾಗಿಲನ್ನು ಯಾರಾದರೂ ದಾಟಲೇಬೇಕು; ದಾಟುವ ಕಡೆ ದಾರ ಕಟ್ಟಿದ್ದರೆ ಹರಿಯಲೇಬೇಕು; ಹರಿಯದಿದ್ದರೆ ಮನೆ ಖಾಲಿ! ಸಂಜೆಯ ವಾಯುವಿಹಾರದ ನೆಪದಲ್ಲಿ, ಪಕ್ಷಪಾತ ಬೇಡವೆಂದು, ಬೀದಿಯ ಅಷ್ಟೂ ಬಾಗಿಲುಗಳಿಗೆ ಮೊಣಕಾಲೆತ್ತರದಲ್ಲಿ ದಾರ ಬಿಗಿದು ಬಂದರು. ಒಂದೇ ಒಂದು ತಪ್ಪಾಯಿತು. ಅವಸರದಲ್ಲಿ ಕೈಗೆ ಬಂದದ್ದು ರವಿಕೆಯ ದಾರವಲ್ಲ, ಶಾಲೆಯ ಚೀಲ ಹೊಲಿಯುವ ದಾರ!

ಬೆಳಗಾಗುತ್ತಲೇ ಹಾಲಿನವನು ಕ್ಯಾನಿನೊಡನೆ ಉರುಳಿದ. ವಕೀಲರು ನ್ಯಾಯಾಲಯಕ್ಕೆ ಹೊರಟವರು ಸಾಷ್ಟಾಂಗ ಬಿದ್ದರು. ದಾರ ಹರಿಯಲಿಲ್ಲ, ಹರಿದದ್ದು ಅವರ ಪ್ಯಾಂಟು!

"ಯಾರೋ ಮಾಟ ಮಾಡಿಸಿದ್ದಾರೆ!" ಎಂದು ಬೀದಿಯೇ ಹೌಹಾರಿತು. ದಾರಗಳನ್ನು ಕತ್ತರಿಸಿ ಎಸೆದರು. ಸಭೆ ಸೇರಿತು. ತನಿಖೆಯ ಹೊಣೆಯನ್ನು ಸರ್ವಾನುಮತದಿಂದ ಯಾರಿಗೆ ವಹಿಸಿದರೆಂದುಕೊಂಡಿರಿ?

"ದಾರದ ವಿಷಯ ನಿಮಗಿಂತ ಬಲ್ಲೋರು ಯಾರಿದ್ದಾರೆ ಮಾಮ? ಆ ಕಳ್ಳನ್ನ ನೀವೇ ಹಿಡೀಬೇಕು," ಎಂದರು ವಕೀಲರು, ಹರಿದ ಕಡೆ ಕಡತ ಅಡ್ಡ ಹಿಡಿದು.

"ಬಿಡ್ತೀನಾ ಸಾರ್!" ಎಂದರು ಮಾಮ. ಹೆಂಡತಿ ಸೆರಗನ್ನು ಬಾಯಿಗೆ ತುರುಕಿಕೊಂಡು ಒಳಗೆ ಓಡಿದಳು.

ಆದರೆ ಒಂದು ಬಾಗಿಲ ದಾರ ಮಾತ್ರ ಕಟ್ಟಿದಂತೆಯೇ ಉಳಿದಿತ್ತು! ಬೀದಿಯ ಕೊನೆಯಲ್ಲಿ ಬಣ್ಣ ಉದುರಿದ, ಜೇಡರ ಬಲೆ ತೋರಣ ಕಟ್ಟಿದ ಮನೆ. ಅಲ್ಲಿ ಮನುಷ್ಯರನ್ನು ಕಂಡವರೇ ಇಲ್ಲ. ಮಾಮ ನಾಲ್ಕು ದಿನ ಹೋಗಿ ಹೋಗಿ ನೋಡಿದರು. ಒಳಗೇನಿದ್ದೀತು? ಎಷ್ಟು ಕೋಣೆ? ಕುತೂಹಲ ತಲೆಯೊಳಗೆ ಹೊಲಿಗೆ ಯಂತ್ರದಂತೆ ಗಿರಗಿರ ತಿರುಗಿತು. ಐದನೆಯ ದಿನ ಮಧ್ಯಾಹ್ನ ಬಡಗಿಯನ್ನೂ ಗುಂಡಿಯಕ್ಕನನ್ನೂ ಕರೆತಂದು, ಕೂಡಿದ ಬೀದಿಯ ಮುಂದೆ ಕೈಯೆತ್ತಿದರು.

"ಬಂಧುಗಳೇ! ಈ ಮನೆ ಅನಾಥ! ಇವತ್ತು ಇದಕ್ಕೆ ಜೀವ ಬರುತ್ತೆ! ಬಡಗೀ, ಹಾಕು ಉಳಿ!"

ಬಡಗಿ ಒಂದೇಟು ಹಾಕಿದ.

"ಯಾರಯ್ಯ ಅದು, ಮಲಗೋಕೂ ಬಿಡಲ್ವಾ?" ಎಂದಿತು ಮನೆ!

ಅರ್ಧ ಬೀದಿ ಕಾಲಿಗೆ ಬುದ್ಧಿ ಹೇಳಿತು. ಮಾಮನಿಗೂ ಓಡುವ ಮನಸ್ಸಿತ್ತು. ಹೆಂಡತಿ ಅಂಗಿಯ ತುದಿ ಹಿಡಿದಿದ್ದಳು.

"ಒ... ಒಳಗೆ ಯಾರು?"

"ಮನೆಯವನು! ಹೊರಗೆ ಯಾರು?"

"ಸುಳ್ಳು! ಈ ಮನೇಲಿ ಯಾರೂ ಇಲ್ಲ! ನಾಲ್ಕು ದಿನದಿಂದ ನಾನೇ ದಾರ ಕಟ್ಟಿ ನೋಡಿದ್ದೀನಿ, ಹರಿದಿಲ್ಲ!"

ಬೀದಿಯ ಕಣ್ಣೆಲ್ಲ ತಟ್ಟನೆ ಮಾಮನ ಮೇಲೆ ತಿರುಗಿತು.

"ಓಹೋ!" ಎಂದರು ವಕೀಲರು, ಬಹಳ ನಿಧಾನವಾಗಿ.

ಗುಂಡಿಯಕ್ಕನ ಮುಖ ಮಾತ್ರ ಬಾಡಿಹೋಯಿತು. "ಹಾಗಾದ್ರೆ ಇದೂ ಖಾಲಿ ಇಲ್ವಾ ಮಾಮ? ಮಕ್ಕಳಿಗೆ ಆಸೆ ಹುಟ್ಟಿಸಿ ಬಂದ್ಬಿಟ್ಟೆನಲ್ಲ..."

ಅಷ್ಟರಲ್ಲಿ ಒಳಗಿನವನು ಕೂಗಿದ: "ಹೇಗೂ ಬಂದಿದ್ದೀರಿ, ಬಾಗಿಲು ತಳ್ಳಿ! ನಾನು ಎಳೀತೀನಿ!" ಬಡಗಿ ಉಳಿಯಾಡಿಸಿದ, ಮಾಮ ಭುಜ ಕೊಟ್ಟರು, ಬಾಗಿಲು ಧಡಾರನೆ ತೆರೆದು ಅವರು ನಡುಮನೆಯ ಧೂಳಿನಲ್ಲಿ ಮಕಾಡೆ ಬಿದ್ದರು. ಎದುರಿಗೆ ನಿಂತಿದ್ದವನು ತಲೆಗೂದಲಲ್ಲಿ ಹಿಟ್ಟು ಮೆತ್ತಿಕೊಂಡ ಬೇಕರಿಯವನು! ನಸುಕಿಗೆ ಒಲೆಯ ಕೆಲಸ, ಹಗಲು ನಿದ್ದೆ. ಮರ ಉಬ್ಬಿ ಮುಂಬಾಗಿಲು ಸಿಕ್ಕಿಕೊಂಡಂದಿನಿಂದ ಹಿತ್ತಲ ಓಣಿಯಿಂದಲೇ ಓಡಾಟ.

ಗುಂಡಿಯಕ್ಕ ಮೆಲ್ಲನೆ ಇಣುಕಿದಳು. ಎರಡು ಕೋಣೆ, ಬೀದಿಗೆ ತೆರೆಯುವ ಕಿಟಕಿ, ಮೂಲೆಯಲ್ಲಿ ನಲ್ಲಿ.

"ಈ ಮುಂದಿನ ಕೋಣೆಗಳಲ್ಲಿ ಯಾರಿದ್ದಾರಣ್ಣ?"

"ಯಾರೂ ಇಲ್ಲಮ್ಮ. ನನಗೆ ಹಿಂದಿನ ಕೋಣೆ, ಅಡುಗೆಮನೆ ಸಾಕು. ಬಾಡಿಗೆಗೆ ಕೊಡೋಣ ಅಂತಾನೇ ಇದ್ದೆ, ಬಾಗಿಲೇ ತೆಗೆಯೋಕೆ ಬರಲಿಲ್ಲ. ಈಗ ಬಂತಲ್ಲ, ನೀವೇ ಬನ್ನಿ. ಮಧ್ಯಾಹ್ನ ಗಲಾಟೆ ಮಾತ್ರ ಬೇಡ."

ಗುಂಡಿಯಕ್ಕ ಗೋಡೆಗೆ ಒರಗಿ ಅತ್ತಳು. ಮರುಗಳಿಗೆಯೇ ಸೆರಗು ಸಿಕ್ಕಿಸಿ ಪೊರಕೆ ಕೇಳಿದಳು. ಭಗವಂತನು ಮೂರ್ಖರ ಭುಜದಿಂದಲೂ ಬಾಗಿಲು ತೆರೆಸಬಲ್ಲನೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ!

ಮಾಮ ಮೊಣಕಾಲು ಉಜ್ಜುತ್ತ ಎದ್ದು ಗರ್ವದಿಂದ ಕೇಳಿದರು: "ಅಲ್ಲಯ್ಯ, ಇಷ್ಟು ಜಾಗ ಖಾಲಿ ಇಟ್ಕೊಂಡು ಯಾರಿಗೂ ಒಂದು ಮಾತು ಹೇಳಬಾರದಾ?"

"ಯಾರಾದ್ರೂ ಕೇಳಿದ್ರೆ ತಾನೇ ಹೇಳೋದು?" ಎಂದು ಬೇಕರಿಯವನು ಆಕಳಿಸಿದ.

ಹೆಂಡತಿ ಗಂಡನ ಅಂಗಿಯ ಧೂಳನ್ನು ಪ್ರೀತಿಯಿಂದ, ಸ್ವಲ್ಪ ಜೋರಾಗಿಯೇ, ಕೊಡವಿದಳು.

"ಅದೇ ರೀ. ಇನ್ನೊಂದು ಸಲ ಖಾಲಿ ಮನೆ ಹುಡುಕೋವಾಗ, ಖಾಲಿ ಇದೆಯಾ ಅಂತ ಮೊದಲು ಒಳಗಿರೋರನ್ನ ಕೇಳಿ!"