ಬೀಸುಕಲ್ಲಿಗೆ ಬಿದ್ದ ಸಂಶೋಧನೆ

ಇಷ್ಟಕ್ಕೆಲ್ಲ ಕಾರಣ ವಿಶ್ವವಿದ್ಯಾಲಯದಿಂದ ಬಂದ ಒಂದು ಸುತ್ತೋಲೆ. ವಿಜ್ಞಾನದವರೂ ಕಲಾ ವಿಭಾಗದವರೂ ತಮ್ಮ ಸಂಶೋಧನಾ ಸಾಮಗ್ರಿಯನ್ನು ಪರಸ್ಪರ ಹಂಚಿಕೊಳ್ಳತಕ್ಕದ್ದು ಎಂದು ಅದರಲ್ಲಿತ್ತು. ಸುತ್ತೋಲೆ ಬಂದರೆ ಸಹಿ ಮಾಡಿ ಫೈಲಿಗೆ ಹಾಕಬೇಕು ಎಂಬುದು ಚಿಕ್ಕೋಡಿಯ ಆ ಕಾಲೇಜಿನ ಜವಾನನಿಗೂ ಗೊತ್ತಿತ್ತು. ಅದನ್ನು ಪೂರ್ತಿ ಓದಿದವನು ಒಬ್ಬನೇ, ಕನ್ನಡ ವಿಭಾಗದ ಜ್ಞಾನದೇವ. ಓದಿ ಕುರ್ಚಿಯಿಂದ ಎದ್ದು ನಿಂತ.

ಎದ್ದು ನಿಲ್ಲದೆ ಏನು ಮಾಡಿಯಾನು ಪಾಪ? ಬೀಸುವ ಪದಗಳ ಮೇಲೆ ಪಿಎಚ್.ಡಿ. ಮಾಡುತ್ತೇನೆಂದು ಹೊರಟು ಅವನ ತಲೆಗೂದಲು ಅರ್ಧ ಉದುರಿತ್ತು. ಮರುದಿನ ಬೆಳಿಗ್ಗೆ ಮಾರ್ಗದರ್ಶಕರು ಧಾರವಾಡದಿಂದ ಬರುವವರಿದ್ದರು. "ಜೋಳದ ಹಾಡು ಕೇಳಿಸ್ರಿ, ಇಲ್ಲಾ ನೋಂದಣಿ ರದ್ದ ಮಾಡಸ್ತೀನಿ" ಎಂದು ಕಡ್ಡಿ ಮುರಿದಂತೆ ಹೇಳಿದ್ದರು. ಈಗ ಯಾರೂ ಬೆಳೆಯದ ಹಳೆಯ ಜೋಳಗಳ ಹೆಸರೆಲ್ಲ ಬರುವ ಆ ಹಾಡು ಬಲ್ಲವಳು ಅಂಕಲಿಯ ಕೆಂಪವ್ವ ಒಬ್ಬಳೇ. ಅವಳದೊಂದು ತಕರಾರಿತ್ತು. "ಕಾಳ ಕಣ್ಣಿಗೆ ಬಿದ್ರ ಹೆಸರ ಬಾಯಿಗೆ ಬರತಾವ ತಮ್ಮಾ. ಸುಮ್ನ ಹಾಡ ಅಂದ್ರ ಎಲ್ಲಿಂದ ಹಾಡ್ಲಿ?"

ಆ ಕಾಳುಗಳು ಇದ್ದದ್ದು ಸಸ್ಯಶಾಸ್ತ್ರದ ಬಾಬಾಸಾಹೇಬರ ಗಾಜಿನ ಕಪಾಟಿನಲ್ಲಿ. ಕೃಷ್ಣೆಯ ದಂಡೆಯ ಊರೂರು ತಿರುಗಿ ಕೂಡಿಸಿದ ಬೀಜ, ಒಂದೊಂದು ನಮೂನೆಗೆ ಒಂದೊಂದು ಬಟ್ಟೆಯ ಚೀಲ, ಚೀಲಕ್ಕೊಂದು ಹೆಸರಿನ ಚೀಟಿ. ಆ ಕಪಾಟಿನ ಕೀಲಿಕೈಯನ್ನು ಬಾಬಾಸಾಹೇಬರು ಸ್ನಾನ ಮಾಡುವಾಗಲೂ ಜನಿವಾರದ ಹಾಗೆ ಕೊರಳಲ್ಲಿ ಹಾಕಿಕೊಂಡಿರುತ್ತಿದ್ದರು.

"ಬೀಜ ಕೊಡೂದಿಲ್ಲ," ಎಂದರು ಅವರು.

"ಸುತ್ತೋಲೆ ಐತ್ರಿ ಸರ."

"ಸುತ್ತೋಲಿ ಬಿತ್ತಿದ್ರ ಜ್ವಾಳ ಬೆಳೀತೈತೇನ್ರಿ?"

ಜ್ಞಾನದೇವ ಪಟ್ಟು ಹಿಡಿದರೆ ಬಿಡುವ ಪೈಕಿ ಅಲ್ಲ. ಪ್ರಿನ್ಸಿಪಾಲರ ಕೋಣೆಯ ಮುಂದೆ ಹೋಗಿ ಕುಂತ. ಪ್ರಿನ್ಸಿಪಾಲರು ಚಹಾ ಕುಡಿದರೂ ಎದುರಿಗಿದ್ದ, ಪೇಪರು ಓದಿದರೂ ಎದುರಿಗಿದ್ದ. ಕಡೆಗೆ ಅವರು ಬೇಸತ್ತು, "ಬಾಬಾಸಾಹೇಬ್ರ, ಒಂದ ದಿನದ ಮಟ್ಟಿಗೆ ಕೊಟ್ಟಬಿಡ್ರೆಪಾ, ಈ ಮನಿಶಾ ನನಗ ಸಹಿ ಮಾಡಾಕೂ ಬಿಡವಲ್ಲ" ಎಂದರು.

ಬಾಬಾಸಾಹೇಬರು ಕೊರಳಿನ ಕೀಲಿಕೈ ಹಿಡಿದುಕೊಂಡರು. "ಆತು. ನಾಳೆ ಮುಂಜಾನೆ ಬಂದ ಒಯ್ರಿ. ಖರೆ ನಿಮ್ಮ ಹಾಡಿನ ಕ್ಯಾಸೆಟ್ಟ ಎಲ್ಲಾ ನನ್ನ ಕಡೆ ಇಡಬೇಕು. ಹಂಚ್ಕೊಳ್ಳೂದು ಅಂದ್ರ ಎರಡೂ ಕಡಿಯಿಂದ ಹೌದಲ್ಲರಿ?"

"ನಾಳೆ ಮುಂಜಾನೆ ಆಗೂದಿಲ್ರಿ, ನಮ್ಮ ಸರ್ ಬರತಾರ. ಈಗ ಬೇಕು."

"ಹಂಗಾರ ಒಂದ ತಾಸ ಬಿಟ್ಟ ಬರ್ರಿ."

ಜ್ಞಾನದೇವ ಮನೆಗೆ ಓಡಿದ. ಟ್ರಂಕು ತೆಗೆದು ಕ್ಯಾಸೆಟ್ಟುಗಳ ಮುಖ ನೋಡಿದೊಡನೆ ಕೊಡಲು ಮನಸ್ಸಾಗಲಿಲ್ಲ. ಹಾಡಿದ ಎಷ್ಟೋ ಮುದುಕಿಯರು ತೀರಿಹೋಗಿದ್ದರು. ಅವರ ದನಿಯನ್ನು ಎಲೆ ಎಣಿಸುವ ಮನುಷ್ಯನ ಕೈಗೆ ಕೊಡುವುದೇ? ಬದಲಿಗೆ ಹಾಡು ತುಂಬಿಸಬೇಕೆಂದು ತಂದಿಟ್ಟಿದ್ದ ಹೊಸ ಖಾಲಿ ಕ್ಯಾಸೆಟ್ಟುಗಳನ್ನೆಲ್ಲ ತೆಗೆದು, ಮೇಲೆ ಹಾಡುಗಳ ಹೆಸರು ಬರೆದು ಅಂಟಿಸಿದ.

ಹೆಂಡತಿ ಶೇವಂತಾ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಖಾಲಿವೆಲ್ಲಾ ಅವರಿಗೆ ಕೊಟ್ರ ನಿಮಗ್ರಿ?"

"ನಿನಗ ತಿಳಿಯೂದಿಲ್ಲ ಸುಮ್ನಿರ," ಎಂದ ಜ್ಞಾನದೇವ. ತನ್ನ ಜಾಣತನಕ್ಕೆ ತಾನೇ ಬೆನ್ನು ತಟ್ಟಿಕೊಂಡು ಹೊರಟ. ಕೆಂಪವ್ವನಿಗೆ ಹುರುಪು ಬರಲಿ ಎಂದು, ಅವಳ ಗೆಳತಿ, ಸತ್ತುಹೋದ ಲಕ್ಕವ್ವನ ಹಾಡಿದ್ದ ಒಂದೇ ಒಂದು ಅಸಲಿ ಕ್ಯಾಸೆಟ್ಟನ್ನು ಟೇಪ್ ರಿಕಾರ್ಡರಿನೊಳಗೆ ಹಾಕಿಕೊಂಡ.

ಬೀಜದ ಚೀಲಗಳಿದ್ದ ಡಬ್ಬಿಯನ್ನು ಬಾಬಾಸಾಹೇಬರು ಎರಡೂ ಕೈಯಿಂದ ಕೊಟ್ಟರು. "ಒಂದ ಕಾಳ ಕಡಿಮಿ ಆದ್ರ ನಾ ಮನಿಶಾ ಅಲ್ಲ ನೋಡ್ರಿ," ಎಂದರು. ಬಸ್ಸಿನಲ್ಲಿ ಕಂಡಕ್ಟರು ಡಬ್ಬಿಯನ್ನು ಸೀಟಿನ ಕೆಳಗಿಡು ಎಂದರೆ ಜ್ಞಾನದೇವ ಇಡಲಿಲ್ಲ. ಪಕ್ಕದವನು "ಉಂಡಿ ಏನ್ರಿ?" ಎಂದು ಮುಚ್ಚಳಕ್ಕೆ ಕೈ ಹಾಕಿದಾಗ ಅವನ ಕೈ ತಳ್ಳಿ, ಅಂಕಲಿ ಬರುವ ತನಕ ಡಬ್ಬಿಯನ್ನು ಹಸುಗೂಸಿನಂತೆ ಎದೆಗೆ ಅವಚಿಕೊಂಡು ನಿಂತೇ ಹೋದ.

ಕೆಂಪವ್ವನ ಪಡಸಾಲೆಯಲ್ಲಿ ಓಣಿಯ ಹೆಂಗಸರೆಲ್ಲ ಕೂಡಿದರು. ಎಲ್ಲರಿಗಿಂತ ಮುಂದೆ ಪಕ್ಕದ ಮನೆಯ ದುಂಡವ್ವ. ಕರೆಯದಿದ್ದರೂ ಬಂದು, ಕೇಳದಿದ್ದರೂ ಹೇಳುವವಳು. ಜ್ಞಾನದೇವ ಲಕ್ಕವ್ವನ ಹಾಡು ಹಚ್ಚಿದ. ಕೆಂಪವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, "ಎಷ್ಟ ಛಂದ ಹಾಡತಿದ್ಳ ನಮ್ಮ ಲಕ್ಕಿ. ಆತು, ನಾನೂ ಹಾಡತೀನಿ" ಎಂದಳು.

ಜ್ಞಾನದೇವ ಹೊಸ ಕ್ಯಾಸೆಟ್ಟಿಗಾಗಿ ಚೀಲಕ್ಕೆ ಕೈ ಹಾಕಿದ. ಕೈ ಅಲ್ಲಿಯೇ ನಿಂತಿತು. ಖಾಲಿ ಕ್ಯಾಸೆಟ್ಟೆಲ್ಲ ಬಾಬಾಸಾಹೇಬರ ಮೇಜಿನ ಮೇಲಿದ್ದವು! ಊರಿನ ಅಂಗಡಿಗೆ ಓಡಿದ. ಅಲ್ಲಿ ಬೀಡಿ, ಬೆಂಕಿಪೊಟ್ಟಣ, ಸಾಬೂನು ಸಿಕ್ಕವು. ಕ್ಯಾಸೆಟ್ಟು ಬೇಕಾದರೆ ಚಿಕ್ಕೋಡಿಗೇ ಹೋಗಬೇಕೆಂದ ಅಂಗಡಿಯವ. ಸಂಜೆಯಾಗುತ್ತ ಬಂದಿತ್ತು. ಯಂತ್ರದಲ್ಲಿ ಲಕ್ಕವ್ವ ಇದ್ದಳು. ಅವಳ ಮೇಲೆಯೇ ಹಾಡು ತುಂಬಿಸಬೇಕು, ಇಲ್ಲವೇ ಪಿಎಚ್.ಡಿ. ಆಸೆ ಬಿಡಬೇಕು. ಜ್ಞಾನದೇವ ಕಣ್ಣು ಮುಚ್ಚಿ, "ಆಯಿ, ತಪ್ಪಾತ ಕ್ಷಮಿಸ ಬೇ" ಎಂದು ಮನಸ್ಸಿನಲ್ಲೇ ಕೈಮುಗಿದು ಗುಂಡಿ ಒತ್ತಿದ.

"ದುಂಡವ್ವಾ, ಒಂದೊಂದ ಚೀಲ ಬಿಚ್ಚಿ ಆಯಿ ಕೈಯಾಗ ಕೊಡ್ರಿ. ನೋಡಿ ನೋಡಿ ಹಾಡ್ಲಿ," ಎಂದು ಹೇಳಿ, ಯಂತ್ರದ ಸೂಜಿ ನೋಡುತ್ತ ಬೆನ್ನು ತಿರುಗಿಸಿ ಕುಂತ. ಬೀಸುಕಲ್ಲು ಘರ್ ಎಂದಿತು. ತಾಳಕ್ಕಿರಬೇಕು ಎಂದುಕೊಂಡ. ಕೆಂಪವ್ವನ ದನಿ ಎದ್ದಿತು.

"ಚೀಲಕ ಚೀಲ ಬ್ಯಾರೆ, ಚೀಟಿಗೆ ಹೆಸರ ಬ್ಯಾರೆ
ಬಿಚ್ಚಿ ನೋಡಿದರ ಒಂದೇನ | ನನ ತಮ್ಮ
ಇದಕೂ ಅದಕೂ ಭೇದ ಕಾಣೆ"

ಜ್ಞಾನದೇವನಿಗೆ ರೋಮಾಂಚನವಾಯಿತು. ಆಹಾ! ಬರೀ ಜೋಳದ ಪಟ್ಟಿ ಎಂದುಕೊಂಡಿದ್ದರೆ ಇದು ನೇರ ವೇದಾಂತಕ್ಕೇ ಹೋಯಿತಲ್ಲ! ಹೆಸರುಗಳು ಮುಂದೆ ಬಂದಾವು ಎಂದು ಕಾದ. ಕೆಂಪವ್ವ ಮಾತ್ರ ಭೇದ ಕಾಣೆ, ಭೇದ ಕಾಣೆ ಎನ್ನುತ್ತಲೇ ಹಾಡು ಮುಗಿಸಿದಳು.

"ಹೆಸರ ಬರಲಿಲ್ಲಲ್ಲ ಆಯಿ?" ಎಂದು ತಿರುಗಿ ನೋಡಿದ. ದುಂಡವ್ವನ ಮುಂದೆ ಖಾಲಿ ಚೀಲಗಳು ಒಂದರ ಮೇಲೊಂದು ಮಡಚಿ ಕೂತಿದ್ದವು. ಬೀಸುಕಲ್ಲಿನ ಸುತ್ತ ಬೆಳ್ಳಗೆ ಹಿಟ್ಟು.

"ಅಯ್ಯೋ! ಕಾಳ ಎಲ್ಲಿ?"

"ಬೀಸಿದ್ನೆಲ್ಲೋ," ಎಂದಳು ಕೆಂಪವ್ವ.

"ಬೀಸ ಅಂತ ಯಾರ ಹೇಳಿದ್ರ ಬೇ!"

"ಬೀಸೂ ಪದ ಬೀಸದ ಹಾಡಂದ್ರ ಹೆಂಗೋ? ಖಾಲಿ ಕಲ್ಲ ತಿರುವಬಾರದು, ಮನಿಗೆ ಒಳ್ಳೇದಲ್ಲ. ಓದಿದಾಂವ, ಇಷ್ಟೂ ತಿಳಿಯೂದಿಲ್ಲೇನ?"

"ಹಿಟ್ಟ ಛಲೋ ಬಂದೈತಿ ನೋಡ್ರಿ," ಎಂದು ದುಂಡವ್ವ ಅದನ್ನು ಡಬ್ಬಿಗೆ ತುಂಬಿಯೇಬಿಟ್ಟಳು.

ಬೇರೆ ಯಾರಾದರೂ ಆಗಿದ್ದರೆ ಕೃಷ್ಣೆಯ ಹಾದಿ ಹಿಡಿಯುತ್ತಿದ್ದರು. ಜ್ಞಾನದೇವ ಚಿಕ್ಕೋಡಿಯ ಬಸ್ಸು ಹಿಡಿದ. ಆದದ್ದಾಗಲಿ, ಎದುರು ನಿಂತು ಹೇಳಿಬಿಡುತ್ತೇನೆ ಎಂದು ಗಟ್ಟಿ ಮನಸ್ಸು ಮಾಡಿದ. ನೇರ ಬಾಬಾಸಾಹೇಬರ ಮನೆಗೆ ಹೋಗಿ ಡಬ್ಬಿ ತೆರೆದು ಮುಂದಿಟ್ಟ. "ಸರ, ನಿಮ್ಮ ಬೀಜ. ಹೊಡೀರಿ, ಬಡೀರಿ, ನಿಂತೀನಿ."

ಬಾಬಾಸಾಹೇಬರು ಹಿಟ್ಟು ನೋಡಿದರು. ಮತ್ತೆ ನೋಡಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು.

"ಅಂಜಬ್ಯಾಡ್ರಿ. ಅದು ಸಂತಿ ಜ್ವಾಳ. ಎಲ್ಲಾ ಚೀಲದಾಗೂ ಅದನ್ನ ತುಂಬಿದ್ನಿ. ನನ್ನ ಖರೇ ಬೀಜ ಕಪಾಟಿನ್ಯಾಗ ಆರಾಮ ಅದಾವ."

ಜ್ಞಾನದೇವನಿಗೆ ಜೀವ ಬಂತು. ಬಂದ ಜೀವ ಮರುಕ್ಷಣವೇ ಹೋಯಿತು. ವೇದಾಂತವೆಲ್ಲಿ ಬಂತು! ಮುದುಕಿ ಕಂಡದ್ದನ್ನು ಕಂಡಹಾಗೆ ಹಾಡಿದ್ದಳು. ಅದಕ್ಕಾಗಿ ಲಕ್ಕವ್ವನನ್ನು ತನ್ನ ಕೈಯಾರೆ ಅಳಿಸಿ ಬಂದಿದ್ದ.

"ಮೋಸ ಮಾಡಿದ್ರೆಲ್ರಿ ಸರ!"

"ಮೋಸ ಅಂತೀರಿ? ಮಧ್ಯಾಹ್ನದಿಂದ ನಿಮ್ಮ ಕ್ಯಾಸೆಟ್ಟ ಕೇಳಾಕತ್ತೀನಿ, ಒಂದರಾಗೂ ಪಿಟ್ ಅನ್ನವಲ್ದು. ಯಂತ್ರ ಕೆಟ್ಟೈತಿ ಅಂತ ಬಿಚ್ಚಿ ಕುಂತೀನಿ ನೋಡ್ರಿ." ಮೇಜಿನ ಮೇಲೆ ಅವರ ಟೇಪ್ ರಿಕಾರ್ಡರು ಕರುಳು ಹೊರಗೆ ಹಾಕಿಕೊಂಡು ಬಿದ್ದಿತ್ತು.

ಜ್ಞಾನದೇವ ಸಿಕ್ಕಿಬಿದ್ದಿದ್ದ. ಆದರೂ ಪಟ್ಟು ಬಿಡಲಿಲ್ಲ. "ಆತ್ರಿ, ಇಬ್ರೂ ಒಂದ. ಖರೇ ಬೀಜ ಈಗ ಕೊಡ್ರಿ. ಮುಂಜಾನೆ ಮೊದಲ್ನೇ ಗಾಡಿಗೆ ಹೋಗಿ, ನಮ್ಮ ಸರ್ ಬರೂದ್ರಾಗ ಹಾಡ ತರತೀನಿ."

"ಕೊಡತಿದ್ನಿ, ಖರೆ ಕೊಡತಿದ್ನಿ," ಎಂದರು ಬಾಬಾಸಾಹೇಬರು, ಹಿಟ್ಟಿನೊಳಗೆ ಬೆರಳಾಡಿಸುತ್ತ. "ಖರೇ ಬೀಜ ಕೊಟ್ಟಿದ್ರ ಇವತ್ತ ಏನಾಗತಿತ್ತು, ನೀವ ಹೇಳ್ರಿ."

ಬಾಬಾಸಾಹೇಬರು ಖಾಲಿ ಕ್ಯಾಸೆಟ್ಟುಗಳನ್ನು ಒಪ್ಪವಾಗಿ ಕಟ್ಟಿ ಜ್ಞಾನದೇವನ ಕೈಗಿಟ್ಟು, ಹಿಟ್ಟಿನ ಡಬ್ಬಿಯನ್ನೂ ಮೇಲಿಟ್ಟು ಬಾಗಿಲ ತನಕ ಬಂದು ಕಳಿಸಿದರು. "ಇನ್ನೊಂದ ಮಾತು. ಹಂಚ್ಕೊಳ್ಳೂದ್ರಾಗ ನಮ್ಮ ಕಾಲೇಜ ಎಲ್ಲಾರಿಗಿಂತ ಮುಂದ ಐತಿ ಅಂತ ಪ್ರಿನ್ಸಿಪಾಲ್ರು ನಿಮ್ಮ ಸರ್‌ಗ ಫೋನ್ ಹಚ್ಚಿ ಹೇಳ್ಯಾರ. ಅವರು ಭಾಳ ಖುಷಿ ಆಗ್ಯಾರಂತ. ನಾಳೆ ಎಲ್ಲಾರ ಮುಂದ ಹಾಡ ಕೇಳತಾರಂತ."

ಮನೆಯಲ್ಲಿ ಶೇವಂತಾ ಕ್ಯಾಸೆಟ್ಟಿನ ಗಂಟು ನೋಡಿದಳು. ಡಬ್ಬಿ ತೆರೆದು ಹಿಟ್ಟನ್ನು ಮೂಗಿನ ಹತ್ತಿರ ಹಿಡಿದಳು.

"ನಾಳೆ ನಿಮ್ಮ ಸರ್‌ಗ ಇದರದ ರೊಟ್ಟಿ ಮಾಡತೀನಿ. ಯಾವ ಹಿಟ್ಟ ಅಂತ ಕೇಳಿದ್ರ ಏನಂತ ಹೇಳ್ಲಿ?"

"ನನ್ನ ಪಿಎಚ್.ಡಿ. ಅಂತ ಹೇಳ," ಎಂದು ಜ್ಞಾನದೇವ ಗೋಡೆಯ ಕಡೆ ತಿರುಗಿ ಮಲಗಿದ.