ಅಕ್ಕನ ಕನ್ನಡಕ ಮತ್ತು ಮಿದುಳಿನ ಉಪ್ಪು

ನಮ್ಮ ದೊಡ್ಡಪ್ಪನ ಮಗಳಾದ ಅಕ್ಕನ ಎದುರು ಕನ್ನಡಕ ಹಾಕಿಕೊಂಡು ಕೂರುವುದು ಕ್ಷೇಮವಲ್ಲ. ಮಾತು ಎಲ್ಲಿಂದ ಹೊರಟರೂ ಐದನೆಯ ನಿಮಿಷಕ್ಕೆ ಸೋಡಿಯಂಗೆ ಬಂದು ನಿಲ್ಲುತ್ತದೆ. ಆರನೆಯ ನಿಮಿಷಕ್ಕೆ ನಿಮ್ಮ ಕನ್ನಡಕ ಅವಳ ಕೈಯಲ್ಲಿರುತ್ತದೆ!

"ಈಗ ನನ್ನ ಮಾರಿ ಮಬ್ಬ ಕಾಣತೈತಿ, ಹೌದಿಲ್ಲೊ? ಮಿದುಳಾಗಿನ ಉಪ್ಪಿನ ಚಿತ್ರ ಹಿಂಗ ಇರತೈತಿ" ಎನ್ನುತ್ತಾಳೆ. ಬಳಿಕ ಕನ್ನಡಕವನ್ನು ತಾನೇ ನಿಮ್ಮ ಮೂಗಿಗೇರಿಸಿ, "ಅದನ್ನ ಹಿಂಗ ಮಾಡೂದ ನನ್ನ ಕೆಲಸ" ಎಂದು ಪಾಠ ಮುಗಿಸುತ್ತಾಳೆ. ಒಮ್ಮೆ ಯಲಬುರ್ಗಾದಿಂದ ಗಂಗಾವತಿಗೆ ಹೊರಟ ಬಸ್ಸಿನಲ್ಲಿ ಕಂಡಕ್ಟರರಿಗೂ ಈ ಪಾಠವಾಯಿತು. ಅವರು ಕಣ್ಣು ಕಿರಿದಾಗಿಸಿ ಟಿಕೆಟ್ ಯಂತ್ರದ ಗುಂಡಿ ಒತ್ತಿದಾಗ ಹೊರಬಿದ್ದದ್ದು ಕುಷ್ಟಗಿಯ ಟಿಕೆಟ್ಟು!

ಸಾಮಾನ್ಯ ಎಂಆರ್‌ಐ ನೋಡುವುದು ಮಿದುಳಿನ ನೀರನ್ನು. ನೀರು ಧಾರಾಳ, ಚಿತ್ರ ಸ್ಪಷ್ಟ. ಎಂಆರ್‌ಐ ಸಂಶೋಧಕಿಯಾದ ಅಕ್ಕ ನೋಡಬಯಸುವ ಸೋಡಿಯಂನ, ಅಂದರೆ ಉಪ್ಪಿನಂಶದ, ಸುಳಿವು ಬಲು ಕ್ಷೀಣ. ಆದರೆ ಪೆಟ್ಟು ತಿಂದ ಜೀವಕೋಶಗಳಲ್ಲಿ ಅದು ಏರುತ್ತದೆಯಂತೆ. ಅದರ ಅಂಚು ನಿಚ್ಚಳವಾದರೆ, ಮಿದುಳಿನಲ್ಲಿ ಹೋದದ್ದೆಷ್ಟು, ಉಳಿದದ್ದೆಷ್ಟು ಎಂದು ತಿಳಿದೀತೆಂಬುದು ಅವಳ ಹಂಬಲ.

ಇಂಥ ಸತ್ಕಾರ್ಯಕ್ಕೆ ಹಿಂಜರಿಯಬಹುದೆ? ಅವಳ ಯಂತ್ರದೊಳಗೆ ನಾನೂ ಮಲಗಿದೆ. ಅಲುಗಬಾರದೆಂಬುದೊಂದೇ ಷರತ್ತು. ಚಿತ್ರ ಎಂದಿಗಿಂತಲೂ ಕಲಸಿಹೋಗಿತ್ತು.

"ತಮ್ಮಾ, ಒಳಗ ಮಲಗಿ ಏನ ಮಾಡಾಕತ್ತಿದ್ದಿ?"

ಮುಂದಿನ ಚರ್ಚಾಸ್ಪರ್ಧೆಗೆಂದು ಮನಸ್ಸಿನಲ್ಲೇ ಪ್ರತಿಪಕ್ಷವನ್ನು ಖಂಡಿಸುತ್ತಿದ್ದೆ, ಅಷ್ಟೇ. ಬಲವಾದ ಅಂಶಗಳಿಗೆ ಕತ್ತು ತುಸು ಅಲುಗಿರಬಹುದು!

ಆದರೆ ಅವಳ ನಿಜವಾದ ಹುಚ್ಚನ್ನು ಕಾಣಬೇಕಾದರೆ ದೊಡ್ಡಪ್ಪನ ಊರಾದ ನವಲಿಗೆ ಬರಬೇಕು. ಲಕ್ವಾ ಹೊಡೆದು ದೊಡ್ಡಪ್ಪನ ಮಾತು ನಿಂತು ಎರಡು ವರ್ಷ, ಬಲಗೈ ಏಳದು. "ಅವರಿಗೇನ ತಿಳಿತೈತ್ರಿ" ಎಂದು ಅವರೆದುರೇ ಅನ್ನುವುದು ಮನೆಯಲ್ಲಿ ರೂಢಿಯಾಗಿತ್ತು. ಗದ್ದೆಯ ವಿಚಾರವನ್ನೂ ಅವರನ್ನು ಯಾರೂ ಕೇಳುತ್ತಿರಲಿಲ್ಲ. ಅಕ್ಕ ಮಾತ್ರ ರಜೆಗೆ ಬಂದಾಗಲೆಲ್ಲ ಅವರಿಗೆ ಸೋಡಿಯಂ ಪಾಠ ಹೇಳುತ್ತಿದ್ದಳು. ನಡುನಡುವೆ ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುತ್ತಿದ್ದಳು! ಒಬ್ಬರೇ ಮಾತನಾಡುವುದು ಸಂವಾದವಾಗದೆಂದು ನಾನು ಮೂರು ಕಾರಣಗಳೊಡನೆ ವಾದಿಸಿದೆ.

"ನಿನ್ನ ಮಾತು ಮುಗೀತಿಲ್ಲೊ? ಈಗ ಅಪ್ಪ ಏನಂತಾನ ಕೇಳೂಣು" ಎಂದಳು.

ಈ ಸಲ ಅವರನ್ನು ಗದ್ದೆಗೆ ಕರೆದೊಯ್ದು, ಬದುವಿನ ಮೇಲೆ ಕೂರಿಸಿ, ಪಕ್ಕದಲ್ಲಿ ಕುಳಿತಳು. ಕಾಲುವೆಯ ನೀರುಂಡು ಸವಳಾದ ನೆಲದಲ್ಲಿ ಉಪ್ಪು ಬೆಳ್ಳಗೆ ಎದ್ದಿತ್ತು. ಅಕ್ಕ ತನ್ನ ಕನ್ನಡಕ ತೆಗೆದು ಅವರ ಮಡಿಲಲ್ಲಿಟ್ಟಳು.

"ಯಪ್ಪಾ, ನನಗ ಎಲ್ಲಾ ಬೆಳ್ಳಗ ಕಾಣತೈತಿ. ಸವಳು ಎಲ್ಲಿಗೆ ನಿಂತೈತಿ ಅಂತ ಹೆಂಗ ತಿಳಿಯೂದು?"

ದೊಡ್ಡಪ್ಪ ಎಡಗೈಯಲ್ಲಿ ಕೋಲು ಹಿಡಿದು ಹಸಿ ಮಣ್ಣಿನಲ್ಲಿ ಗೆರೆ ಎಳೆದರು: ಒಂದು ಬದು. ಇನ್ನೊಂದು ಬದು. ಆಮೇಲಷ್ಟೇ, ಆ ಬದುಗಳ ಒಳಗೆ, ಉಪ್ಪಿನ ಚುಕ್ಕೆಗಳನ್ನು ಇಟ್ಟರು.

ಸ್ಪಷ್ಟವಾದ ನೀರಿನ ಚಿತ್ರದಿಂದ ಮೊದಲು ಮಿದುಳಿನ ಅಂಚುಗಳನ್ನು ಗುರುತಿಸುವುದು, ಆಮೇಲೆ ಮಬ್ಬು ಸೋಡಿಯಂ ಅನ್ನು ಅವುಗಳಿಗೆ ಹೊಂದಿಸುವುದು: ಎರಡು ವರ್ಷ ಅಕ್ಕ ಅವರಿಗೆ ಹೇಳಿದ್ದು ಇದನ್ನೇ. ಬದು ಎಂಬ ಪದವನ್ನು ಮಾತ್ರ ಅವಳು ಒಮ್ಮೆಯೂ ಬಳಸಿರಲಿಲ್ಲ.

ನನ್ನ ಮೂರೂ ಕಾರಣಗಳು ಬಿದ್ದುಹೋದವು. ದೊಡ್ಡಪ್ಪ ಕೋಲು ಬಿಟ್ಟು, ಮಡಿಲ ಕನ್ನಡಕವನ್ನು ಎಡಗೈಯೊಂದರಿಂದಲೇ ಎತ್ತಿ ಮಗಳ ಮೂಗಿಗೇರಿಸಿದರು. ಒಂದು ಕಡ್ಡಿ ಕಿವಿಗೆ ಸಿಕ್ಕಿತು, ಇನ್ನೊಂದು ಜಾರಿತು. ಅವಳು ಕೈ ಎತ್ತಿ ಸರಿಪಡಿಸಿಕೊಳ್ಳಲಿಲ್ಲ. ಯಂತ್ರದೊಳಗೆ ಮಲಗಿದವರಿಗೆ ತಾನೇ ಹೇಳುವಷ್ಟು ನಿಶ್ಚಲವಾಗಿ, ಅವರು ಮತ್ತೊಮ್ಮೆ ಯತ್ನಿಸುವವರೆಗೂ, ಹಾಗೆಯೇ ಕುಳಿತಿದ್ದಳು.